ಅಳತೆಗೆ ಬಾರದ ಚಿತ್ರ

ನಾನು ಒಂದು ಡಿವೈಡರ್. ಶಾಲೆಯ ಕಂಪಾಸು ಪೆಟ್ಟಿಗೆಯಲ್ಲಿ ಪೆನ್ಸಿಲ್ ಸಿಕ್ಕಿಸುವ ಕೈವಾರದ ಪಕ್ಕ ಎರಡು ಸೂಜಿಗಾಲಿನವನೊಬ್ಬ ಕೆಲಸವಿಲ್ಲದೆ ಬಿದ್ದಿರುತ್ತಾನಲ್ಲ, ಅವನ ಕುಲದವನೇ. ಆದರೆ ನನ್ನದು ಹಿತ್ತಾಳೆಯ ಮೈ, ಉಕ್ಕಿನ ಮೊನೆ. ನನ್ನನ್ನು ಮಾಡಿದ ಮುದುಕ ಎರಡೂ ಮೊನೆಗಳನ್ನು ಕೂಡಿಸಿ ಬೆಳಕಿಗೆ ಹಿಡಿದು, ನಡುವೆ ಸಂದು ಕಾಣದಾದ ಮೇಲೆಯೇ ಕೆಳಗಿಟ್ಟ. ಅಂದಿನಿಂದ ನನಗೆ ಸ್ವಲ್ಪ ಜಂಬ.

ನನ್ನನ್ನು ಕೊಂಡವರು ಹುಬ್ಬಳ್ಳಿಯ ಚನ್ನವೀರ ಮಠಪತಿ, ಸಣ್ಣದೊಂದು ಸರಕು ವಿಮಾನದ ಕ್ಯಾಪ್ಟನ್. ಅವರ ಅಂಗಿಯ ಜೇಬಿನಲ್ಲಿ ಕುಳಿತು ನಾನು ನೋಡಿದಷ್ಟು ಆಕಾಶವನ್ನು ನನ್ನ ಕುಲದಲ್ಲಿ ಯಾರೂ ನೋಡಿರಲಾರರು.

ಮೋಡ ಕವಿದು ನೆಲ ಕಾಣದಾಗ ವಿಮಾನ ಇಳಿಸಲು ಪ್ರತಿ ನಿಲ್ದಾಣಕ್ಕೂ ಒಂದು ನಕ್ಷೆಯ ಹಾಳೆ ಇರುತ್ತದೆ. ಅದರ ಮೇಲ್ಭಾಗದ ಚಿತ್ರ ಆಕಾಶದಿಂದ ನೋಡಿದಂತೆ, ಅಳತೆಗೆ ಸರಿಯಾಗಿ ಬರೆದದ್ದು. ಅಲ್ಲಿ ನಾನು ಎರಡು ಗುರುತುಗಳ ಮೇಲೆ ಕಾಲು ಚಾಚಿ, ಹಾಗೇ ಅಂಚಿನ ಅಳತೆಪಟ್ಟಿಯ ಮೇಲೆ ಹೋಗಿ ನಿಂತರೆ ಎಷ್ಟು ಮೈಲಿ ಎಂದು ತಿಳಿದುಬಿಡುತ್ತದೆ. ಕೆಳಗಿನ ಚಿತ್ರದ ರೀತಿಯೇ ಬೇರೆ. ವಿಮಾನ ಹಂತಹಂತವಾಗಿ ಇಳಿಯುವುದನ್ನು ಅದು ಪಕ್ಕದಿಂದ ತೋರಿಸುತ್ತದೆ. ಜಾಗ ಸಾಲದೆಂದು ದೂರವನ್ನು ಮನಬಂದಂತೆ ಕುಗ್ಗಿಸಿರುತ್ತಾರೆ. ಅಲ್ಲಿ ಅಚ್ಚಾದ ಅಂಕಿಯನ್ನೇ ಓದಬೇಕು, ನನಗೆ ಕೆಲಸವಿಲ್ಲ.

ಸಹಪೈಲಟ್ ಆಗಿ ಬಂದ ಮಂದಾಕಿನಿ ಕುಂಬಾರಳಿಗೆ ಇದನ್ನೆಲ್ಲ ಕಲಿಸಿದವರೂ ಕ್ಯಾಪ್ಟನ್ನರೇ. ಮಕ್ಕಳಿಲ್ಲದ ಮನುಷ್ಯ, ಅವಳನ್ನು ತುಂಬಾ ಹಚ್ಚಿಕೊಂಡರು. ಹೆಂಡತಿ ಗಂಗವ್ವ ಕಟ್ಟಿಕೊಟ್ಟ ರೊಟ್ಟಿಯಲ್ಲಿ ಅವಳಿಗೂ ಪಾಲಿರುತ್ತಿತ್ತು.

ಬರಬರುತ್ತ ಕ್ಯಾಪ್ಟನ್ನರು ನನ್ನನ್ನು ಅತಿಯಾಗಿ ಬಳಸತೊಡಗಿದರು. ಅಂಕಿ ಎದುರಿಗೇ ಇದ್ದರೂ ಅಳೆಯುವರು. ನಾನೋ ಮುಪ್ಪಿನ ಪ್ರೀತಿ ಎಂದು ಬೀಗಿದೆ. ನಿಜ ಬೇರೆಯೇ ಇತ್ತು. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಗೆರೆ ಕಾಣುತ್ತಿತ್ತು, ಯಾವ ಕನ್ನಡಕ ಹಾಕಿದರೂ ಸಣ್ಣ ಅಂಕಿ ಕಾಣುತ್ತಿರಲಿಲ್ಲ. ತಪಾಸಣೆಯ ದಿನ ಗೋಡೆಯ ಅಕ್ಷರಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿ ಬರುತ್ತಿದ್ದರು. ಹಾರಾಟ ತಪ್ಪಿದರೆ ತಾನಿಲ್ಲ ಎಂದೇ ಅವರು ನಂಬಿದ್ದರು.

ಒಂದು ಬೆಳಿಗ್ಗೆ ಗುಡ್ಡಗಳ ನಡುವಿನ ನಿಲ್ದಾಣಕ್ಕೆ ಇಳಿಯಬೇಕಿತ್ತು. ಹೊರಗೆ ಬರೀ ಮೋಡ. ವಿಮಾನ ಮಂದಾಕಿನಿಯ ಕೈಯಲ್ಲಿತ್ತು, ಹಾಳೆ ಕ್ಯಾಪ್ಟನ್ನರ ತೊಡೆಯ ಮೇಲಿತ್ತು.

"ಈ ಗುರುತಿನಿಂದ ರನ್‌ವೇಕ್ಕ ಎರಡ ಮೈಲಿ. ಇಳಸವಾ."

"ಸರ್, ಅಲ್ಲಿ ಐದು ಅಂತ ಐತ್ರಿ."

"ನಾ ಅಳದೀನಿ."

ಅವಳು ಬಗ್ಗಿ ನೋಡಿದಳು. ನನ್ನ ಎರಡೂ ಕಾಲುಗಳು ಕೆಳಗಿನ ಚಿತ್ರದ ಮೇಲಿದ್ದವು! ನಾಚಿಕೆಯಿಂದ ನಾನು ಕುಗ್ಗಿಹೋದೆ. ಎರಡೇ ಮೈಲಿ ಎಂದು ಆಗಲೇ ಇಳಿಸಿದ್ದರೆ ಮುಂದೆ ಇದ್ದದ್ದು ರನ್‌ವೇ ಅಲ್ಲ, ಗುಡ್ಡ. ಅವಳು ವಿಮಾನವನ್ನು ಮೇಲಕ್ಕೆತ್ತಿದಳು. ಒಂದು ಸುತ್ತು ಹಾಕಿ, ಅಂಕಿಗಳನ್ನು ತಾನೇ ಓದಿಕೊಂಡು ಇಳಿಸಿದಳು.

ಎಂಜಿನ್ ನಿಂತ ಮೇಲೆ ಹಾಳೆಯನ್ನು ಅವರ ಮುಂದೆ ಹಿಡಿದಳು. "ಓದ್ರಿ ಸರ್."

ಅವರು ಓದಲಿಲ್ಲ.

"ಆಫೀಸಿನ್ಯಾಗ ನೀವಾ ಹೇಳ್ರಿ. ಇಲ್ಲಾಂದ್ರ ನಾ ಹೇಳಬೇಕಾಕ್ಕೈತಿ."

"ಒಂದ ವರ್ಷ ಸುಮ್ಮನಿರವಾ. ನಿನ್ನ ಕೈ ಮುಗೀತೀನಿ."

ಕಲಿಸಿದ ಗುರು ಶಿಷ್ಯೆಗೆ ಕೈ ಮುಗಿಯುವುದನ್ನು ನೋಡುವ ಪಾಪ ನನಗೇಕೆ ಬಂತೋ. ಮಂದಾಕಿನಿ ಅತ್ತಳು, ಆದರೆ ಒಪ್ಪಲಿಲ್ಲ. ಅವರು ಹೇಳಲಿಲ್ಲ. ಅವಳೇ ಹೇಳಿದಳು. ವೈದ್ಯರು ಬೇರೆ ಅಕ್ಷರಗಳ ಫಲಕ ತೋರಿಸಿದರು, ಅಲ್ಲಿಗೆ ಅವರ ಹಾರಾಟ ಮುಗಿಯಿತು.

ಮನೆಯಲ್ಲಿ ಅವರು ಅವಳ ಹೆಸರೆತ್ತಲಿಲ್ಲ. ಪ್ರತಿ ಸಂಕ್ರಾಂತಿಗೆ ಅವಳು ಕುಸುರೆಳ್ಳು ಹಿಡಿದು ಬಂದರೆ, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವರು. ಕೈಯಲ್ಲಿ ನಾನಿರುತ್ತಿದ್ದೆ. ಹೊರಗೆ ಅವಳ ಮಾತು ಕೇಳಿಸುವಷ್ಟು ಹೊತ್ತೂ ನನ್ನ ಕಾಲುಗಳನ್ನು ಬಿಚ್ಚುತ್ತ ಮುಚ್ಚುತ್ತ ಕೂರುವರು. ಈ ಸಲ ಏಳುತ್ತಾರೆ, ಈ ಸಲ ಎದ್ದೇ ಏಳುತ್ತಾರೆ ಎಂದು ನಾನು ಆಸೆಪಡುತ್ತಿದ್ದೆ. ಅವರು ಏಳಲಿಲ್ಲ. ಹಾಗೇ ವರ್ಷಗಳು ಉರುಳಿ, ಕೊನೆಗೆ ಅವರೂ ಹೋದರು.

ಈಗ ನಾನು ಮಂದಾಕಿನಿಯ ಮೇಜಿನ ಖಾನೆಯಲ್ಲಿದ್ದೇನೆ. ನಕ್ಷೆಗಳೆಲ್ಲ ಗಾಜಿನ ಪರದೆಗೆ ಹೋಗಿವೆ, ನನ್ನನ್ನು ಕೇಳುವವರಿಲ್ಲ. ಕತ್ತಲಲ್ಲಿ ಮಲಗಿದಾಗ ನೆನಪಾಗುವುದು ಆಕಾಶವಲ್ಲ, ಗಂಗವ್ವ ನನ್ನನ್ನು ಅವಳ ಕೈಗಿಟ್ಟ ದಿನ.

"ನಾನಾ ಅವರ ಜೀವ ತಿಂದೆನ್ರೀ ಅಕ್ಕಾರ," ಎಂದಳು ಮಂದಾಕಿನಿ. "ಒಮ್ಮೆ ಕರದು ಬೈದಿದ್ರೂ ಸಾಕಾಗಿತ್ತು."

ಗಂಗವ್ವ ಸೆರಗಿನಿಂದ ಅವಳ ಮುಖ ಒರೆಸಿದಳು.

"ನಿನಗ ಬೈಲಿಲ್ಲ ಖರೆ. ನನಗ ದಿನಾ ಬೈತಿದ್ರು, ಪಲ್ಯಾಕ್ಕ ಉಪ್ಪು ಕಡಿಮಿ ಆಗೈತಿ ಅಂತ. ನೀ ವಿಮಾನ ಬಿಡಿಸಿದ ಮ್ಯಾಲ ಹನ್ನೊಂದು ವರ್ಷ ಬೈದ್ರು. ಆ ಬೈಗುಳ ನೀ ಕೊಟ್ಟಿದ್ದವಾ ನನಗ."