ಪೆನ್ನಿನಲ್ಲಿ ಬರೆದ ಚೀಟಿ

ಇದನ್ನು ಹೇಳೋಕೆ ನೀನು ಯಾರು ಎಂದು ಕೇಳಿದರೆ ತಪ್ಪಿಲ್ಲ, ಕ್ಷಮಿಸಿ. ನಾನು ವಸ್ತುಸಂಗ್ರಹಾಲಯದ ಹುಳಗಳ ವಿಭಾಗದಲ್ಲಿ ಸೀಸೆ ಒರೆಸುವವನು. ಓದಿದ್ದು ಸಂಜೆ ತರಗತಿಯಲ್ಲಿ. ಅಲ್ಲಿ ಮೇಷ್ಟ್ರು ಹೊಗಳಿದ್ದು ನನ್ನ ಅಕ್ಷರವನ್ನೊಂದೇ.

ವಿಭಾಗದ ಮುಖ್ಯಸ್ಥೆ, ನಮ್ಮ ಮೇಡಂ, ಹನ್ನೊಂದು ವರ್ಷದಿಂದ ಒಂದೇ ಹುಳಕ್ಕೆ ಕಾದಿದ್ದರು. ಹಾರ್ವೆಸ್ಟ್‌ಮನ್ ಎನ್ನುತ್ತಾರೆ, ಕೂದಲೆಳೆಯಂಥ ಕಾಲು, ಜೇಡದ ಹಾಗೆ ಕಂಡರೂ ಬಲೆ ನೇಯುವುದಿಲ್ಲ. ಅದರಲ್ಲೊಂದು ಅಪರೂಪದ ಜಾತಿ ನದಿಯ ಆಚೆ ದಡದವರೆಗೆ ಹಬ್ಬಿತ್ತು. ನಾವಿರುವ ಈಚೆ ದಡಕ್ಕೂ ಬರುತ್ತದೆಂದು ಮೇಡಂ ಬರೆದಾಗ ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ನಕ್ಕಿದ್ದರು. ಆಸ್ಪತ್ರೆಗೆ ಸೇರುವ ದಿನವೂ ಅವರು, "ಕಂಡ್ರೆ ಹಿಡಿದಿಡಪ್ಪಾ. ನಾನಿರೋವಾಗ್ಲೇ ಬರಲಿ" ಎಂದಿದ್ದರು.

ಮರುವಾರ ಸಂಗ್ರಹಾಲಯದ ಹಿಂದಿರುವ ಪಂಪ್‌ಹೌಸಿಗೆ ಸುಣ್ಣ ಹೊಡೆಯಲು ಬಂದಿದ್ದ ನನ್ನ ಭಾವ ಕೂಗಿದರು. "ಬಾರೋ, ನಿನ್ನ ನೆಂಟರು ಬಂದಿದ್ದಾರೆ! ಗೋಡೆಗೇ ಗಡ್ಡ ಬೆಳೆದಿದೆ!"

ಮೂಲೆಯಲ್ಲಿ ನೂರಾರು ಹುಳಗಳು ಕಾಲಿಗೆ ಕಾಲು ಹೆಣೆದು ತೂಗುತ್ತಿದ್ದವು. ನಾಲ್ಕನ್ನು ಹಿಡಿದು, ಕೆಡದಂತೆ ಸ್ಪಿರಿಟ್ ತುಂಬಿದ ಸೀಸೆಗೆ ಹಾಕಿದೆ.

"ಭಾವ, ಮೇಡಂ ಬರೋವರೆಗೂ ತಡೀರಿ."

"ತಡೆದ್ರೆ ಕಂಟ್ರಾಕ್ಟರ್ ನನಗೇ ಸುಣ್ಣ ಬಳೀತಾನೆ. ಸೀಸೇಲಿ ತುಂಬ್ಕೊಂಡೆಯಲ್ಲ, ಇನ್ನೇನು?"

ಸರಿಯೆನಿಸಿತು. ಸೀಸೆ ಹಿಡಿದು ಒಳಗೆ ಬಂದೆ.

ಆ ದಿನವೇ ಆಚೆ ದಡದ ಶಿಕ್ಷಕರೊಬ್ಬರು ಇಂಥದೇ ನಾಲ್ಕು ಹುಳ ಕಳಿಸಿದ್ದರು, ಯಾವ ಜಾತಿ ಹೇಳಿ ಎಂದು. ಅವರ ಪೆನ್ಸಿಲ್ ಚೀಟಿ ಕೋಳಿ ಕೆದಕಿದಂತಿತ್ತು. ಮೇಡಂ ಕಣ್ಣಿಗೆ ಕಷ್ಟವಾಗಬಾರದೆಂದು ಅದನ್ನು ಎಸೆದೆ. ಹುಳಗಳನ್ನು ನಮ್ಮದೇ ಸೀಸೆಗೆ ಹಾಕಿ, ಎರಡು ಸೀಸೆಯೊಳಗೂ ಹಾಕಲು ಹೊಸ ಚೀಟಿ ಬರೆದೆ: ಸ್ಥಳ, ತಾರೀಖು, ಹಿಡಿದವರು. ಸ್ಪಿರಿಟ್ಟಿನೊಳಗಿನ ಚೀಟಿಗೆ ಪೆನ್ಸಿಲ್ಲೇ ಆಗಬೇಕೆಂಬುದು ನಮ್ಮಲ್ಲಿ ಮೊದಲ ದಿನದ ಪಾಠ. ಆದರೆ ಇದನ್ನು ದೊಡ್ಡವರು ನೋಡುತ್ತಾರಲ್ಲ, ಪೆನ್ಸಿಲ್ ಮಕ್ಕಳ ಬರಹದಂತೆ ಕಾಣುತ್ತದೆ ಎನಿಸಿತು. ಪೆನ್ನು ತೆಗೆದೆ.

ಹತ್ತು ದಿನದ ಮೇಲೆ ಮೇಡಂ ಗಾಲಿ ಕುರ್ಚಿಯಲ್ಲಿ ಬಂದರು. ಎರಡು ಸೀಸೆಯಲ್ಲೂ ಶಾಯಿ ಕರಗಿದ ತೆಳು ನೀಲಿ ನೀರು, ಬರಿಯ ಬಿಳಿ ಕಾಗದ. ಅವರು ಮೈಕ್ರೋಸ್ಕೋಪಿನಲ್ಲಿ ತುಂಬ ಹೊತ್ತು ನೋಡಿದರು.

"ಒಂದರಲ್ಲಿ ಅದೇ ಇದೆ. ಇನ್ನೊಂದರಲ್ಲಿರೋದು ಮಾಮೂಲಿ ಜಾತಿ. ನಮ್ಮ ಗೋಡೇದು ಯಾವುದು?"

ಒರೆಸುವಾಗ ಎರಡನ್ನೂ ಎಷ್ಟು ಸಲ ಎತ್ತಿಟ್ಟಿದ್ದೆನೋ. "ಇದು... ಅನ್ಸುತ್ತೆ ಮೇಡಂ."

"ಅನ್ಸುತ್ತೆ ಅಂತ ಬರೆಯೋಕಾಗುತ್ತೇನಪ್ಪಾ?"

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಪಂಪ್‌ಹೌಸಿಗೆ ಓಡಿದೆ, ಬೆಳ್ಳಗಿನ ಗೋಡೆ, ಸುಣ್ಣದ ವಾಸನೆ, ಒಂದು ಕಾಲೂ ಇಲ್ಲ. ಶಿಕ್ಷಕರಿಗೆ ಬರೆದೆ. ತಾವು ಹಿಡಿದದ್ದು ಯಾವುದೆಂದು ಅವರಿಗೂ ತಿಳಿಯದು. ಅದಕ್ಕೇ ತಾನೇ ಕಳಿಸಿದ್ದು?

ಆ ತಿಂಗಳು ಮುಗಿಯುವ ಮೊದಲೇ ಮೇಡಂ ಹೋಗಿಬಿಟ್ಟರು.

ಎರಡು ಸೀಸೆಗಳೂ ಈಗ ಹಿಂದಿನ ಕಪಾಟಿನಲ್ಲಿವೆ. ಧೂಳು ಒರೆಸುತ್ತೇನೆ. ಆ ಹುಳ ನದಿ ದಾಟಿ ಬಂದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.