ರಾಗಿ ಹೊಲಕ್ಕೆ ಗರಿಕೆ

ಗರಿಕೆ ಕಂಡರೆ ನನಗೆ ಮೈಯೆಲ್ಲ ಉರಿ. ನಂದಗುಡಿ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ನಮ್ಮ ರಾಗಿ ಹೊಲದಲ್ಲಿ ಅದನ್ನು ಕಿತ್ತು ಕಿತ್ತೇ ನನ್ನ ಬೆನ್ನು ಬಗ್ಗಿದ್ದು. ಮಗಳು ಅನುಸೂಯಳಿಗೂ ಅದೇ ಕೆಲಸ ಕಲಿಸಿದೆ. ಅವಳ ಸೀಮಂತದಲ್ಲಿ ಹಿರಿಯರು ಅಕ್ಷತೆ ಹಾಕಿ, "ಗರಿಕೆ ಹಂಗೆ ಹಬ್ಬು ತಾಯಿ" ಎಂದು ಹರಸಿದಾಗ ಅವಳು ನನ್ನ ಕಿವಿಯ ಹತ್ತಿರ ಬಗ್ಗಿ, "ಅಮ್ಮ, ಆಮೇಲೆ ನನ್ನೂ ಕಿತ್ ಹಾಕ್ಬಿಟ್ಟೀಯ!" ಎಂದು ನಕ್ಕಿದ್ದಳು.

ಜರ್ಮನಿ ಯುದ್ಧ ನಡೆಯುತ್ತಿದ್ದ ಕಾಲ. ರಾಗಿ ಕಣಕ್ಕೆ ಬಂದ ವಾರ ಅವಳು ನಮ್ಮ ಮನೆಯಲ್ಲೇ ಗಂಡು ಹೆತ್ತಳು. ಬಾಣಂತಿ ಜ್ವರ ಬಂದು ತೀರಿಯೇಹೋದಳು.

ಜಡಿಗೇನಹಳ್ಳಿಯಿಂದ ಬೀಗಿತ್ತಿ ಪಾಪಕ್ಕ ಬಂದು ಗೋಳಾಡಿದಳು. ಅವಳ ಅಳು ಸುಳ್ಳೆಂದು ನಾನು ಹೇಳಲಾರೆ. ಕಡ್ಡಿಯಂಥ ಕೈಕಾಲಿನ ಮಗುವನ್ನು ನೋಡಿ ಕಣ್ಣೊರೆಸಿಕೊಂಡಳು.

"ಗಟ್ಟಿ ಆಗೋಗಂಟ ನಿಮ್ಮತ್ರಾನೇ ಇರ್ಲಿ ಮುತ್ತಮ್ಮ."

ನಿಮ್ಮ ಹತ್ತಿರವೇ ಇರಲಿ ಎಂದದ್ದಷ್ಟೇ ನನಗೆ ಕೇಳಿಸಿತು.

ಮಗುವಿಗೆ ನಮ್ಮ ಹಸು ಕೆಂಪಿಯ ಹಾಲೇ ಗತಿ. ಒಣ ರಾಗಿಹುಲ್ಲು ತಿಂದು ಅದು ಎಷ್ಟು ತಾನೇ ಕೊಟ್ಟೀತು? ಬೇಸಿಗೆ ಬರುವಷ್ಟರಲ್ಲಿ ಕರೆದ ಹಾಲು ಚೊಂಬಿನ ತಳಕ್ಕೂ ಸಾಲದಾಯಿತು. ಹಸಿದ ಮಗು ನನ್ನ ಒಣ ಎದೆಯನ್ನೇ ತಡಕುತ್ತಿತ್ತು.

"ಈ ಸಲ ರಾಗಿ ಬ್ಯಾಡ. ಹೊಲಕ್ಕೆ ಗರಿಕೆ ನೆಡಾನ" ಎಂದರು ನಮ್ಮ ಯಜಮಾನರು ಕೊಂಡಪ್ಪ.

"ನಿಮ್ಗೇನು ತಲೆ ಕೆಟ್ಟೈತಾ?"

"ರಾಗಿ ತಿನ್ನೋರು ನಾವಿಬ್ರು, ಹೆಂಗೋ ಆಯ್ತದೆ. ಅವ್ನಿಗೆ ಹಾಲು ಬೇಕಲ್ಲ."

ರಾಗಿಯ ಕೂಳೆ ಕಿತ್ತುಬರುವಂತೆ ಅವರು ಹೊಲ ಉತ್ತರು. ಭರಣಿ ಮಳೆ ಬಿದ್ದ ಮೇಲೆ ನಾನು ಕೆರೆ ಏರಿಯಿಂದ ಗರಿಕೆ ಅಗೆದು ತಂದು, ಗೆಣ್ಣು ಗೆಣ್ಣಾಗಿ ಕತ್ತರಿಸಿ ಸಾಲಿನಲ್ಲಿ ಊರಿದೆ. ಪಕ್ಕದ ಹೊಲದ ಪಿಳ್ಳಣ್ಣ, "ಏನತ್ತೆ, ಸವತಿನ ಕರ್ಕೊಂಡ್ ಬಂದು ಮನೆ ತುಂಬಿಸ್ಕೊತಾ ಇದ್ದೀರಾ?" ಎಂದು ಕಿಚಾಯಿಸಿದ. ಹೊಂಗೆ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಗು ಮಲಗಿತ್ತು. ಮಗಳು ಹೋದ ಮೇಲೆ ನಾನು ನಕ್ಕಿದ್ದು ಅಂದೇ.

ಹಸಿರು ಕಂಡ ಕೆಂಪಿ ಹಗ್ಗ ಜಗ್ಗುತ್ತಿತ್ತು. ಯಜಮಾನರು ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿದರು. "ಬೇರು ಹಿಡಿಯೋಗಂಟ ಬಾಯಿ ಹಾಕಿಸ್ಬ್ಯಾಡ. ಹಿಡೀತು ಅಂದ್ರೆ ಎಷ್ಟು ಮೇದ್ರೂ ಬತ್ತದೆ" ಎಂದರು.

ಆಷಾಢದ ತುಂತುರಿನಲ್ಲಿ ಬೇಲಿ ತೆಗೆದೆವು. ಚೊಂಬು ತುಂಬತೊಡಗಿತು. ಮಗುವಿನ ಕೆನ್ನೆಯೂ ತುಂಬಿತು. ಅದೇ ಹುಲ್ಲಿನ ಮೇಲೆ ಅಂಬೆಗಾಲಿಟ್ಟು, ಗರಿಕೆ ಕಿತ್ತು ಬಾಯಿಗಿಟ್ಟುಕೊಂಡು ನನ್ನ ಕೈಲಿ ಬೈಸಿಕೊಳ್ಳುತ್ತಿದ್ದ, ಕಳ್ಳ.

ಗೌರಿ ಹಬ್ಬ ಹತ್ತಿರವಾದಾಗ ಪಾಪಕ್ಕ ಗಾಡಿ ಕಟ್ಟಿಸಿಕೊಂಡು ಬಂದಳು. ಮಗುವನ್ನು ಎತ್ತಿ ತೂಗಿ ನೋಡಿದಳು.

"ಗಟ್ಟಿ ಆಗವ್ನೆ. ನಿಮ್ಮ ಕೈಗುಣ. ಇನ್ನು ನಮ್ಮನೆ ಮಗ ನಮ್ಮನೆಗೆ ಬರ್ಲಿ."

ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಜಗಳಕ್ಕೆ ನಿಲ್ಲಲಿಲ್ಲ. "ಅವತ್ತೇ ಹೇಳಿದ್ನಲ್ಲ ಮುತ್ತಮ್ಮ, ಗಟ್ಟಿ ಆಗೋಗಂಟ ಅಂತ" ಎಂದಳು.

ನಾನು ಯಜಮಾನರ ಮುಖ ನೋಡಿದೆ. ಅವರು ತಲೆ ತಗ್ಗಿಸಿದರು. "ನಂಗೆ ಅವತ್ತೇ ಕೇಳಿಸಿತ್ತು ಕಣೆ. ಹಂಗಂತ ಹಾಲಿಲ್ದಂಗೆ ಸಾಯ್ಲಿ ಅಂತ ಬಿಡಕ್ಕಾಯ್ತದಾ?"

ಗಾಡಿ ತಿರುವು ದಾಟುವವರೆಗೂ ಮಗು ನನ್ನ ಕಡೆಗೇ ಕೈ ಚಾಚಿ ಅಳುತ್ತಿತ್ತು. ಸಂಜೆ ಕೆಂಪಿ ಚೊಂಬು ತುಂಬ ಹಾಲು ಕೊಟ್ಟಿತು. ಚೊಂಬು ಅಲ್ಲೇ ಬಿಟ್ಟು ಹೊಲಕ್ಕೆ ಓಡಿ, ಎರಡು ಕೈಯಲ್ಲೂ ಗರಿಕೆ ಕೀಳತೊಡಗಿದೆ. ಬೇರು ಆಳಕ್ಕಿಳಿದಿತ್ತು, ಉಗುರು ಕಿತ್ತು ರಕ್ತ ಬಂತು. ಮಗಳಿಗೆ ಹರಸಿದ ಮಾತು ಹೊಲಕ್ಕೆ ಫಲಿಸಿತ್ತು.

ಕಿತ್ತದ್ದನ್ನು ಬದುವಿಗೆ ಎಸೆಯಲು ಕೈ ಎತ್ತಿದೆ. "ನನ್ನೂ ಕಿತ್ ಹಾಕ್ಬಿಟ್ಟೀಯ" ಎಂದು ಅನುಸೂಯ ನಕ್ಕಿದ್ದು ನೆನಪಾಯಿತು.

ಅಲ್ಲೇ ಕುಸಿದು ಕೂತೆ. ಅಳುತ್ತಳುತ್ತಲೇ ಒಂದೊಂದು ಗೆಣ್ಣನ್ನೂ ಮತ್ತೆ ಮಣ್ಣಿಗೆ ಊರಿದೆ.