ಪಿಯಾನೋದ ಮುಂದಿನ ಪೀಠ

ಬ್ರಾಂಕ್ಸಿನ ಆ ಸ್ಟುಡಿಯೋದ ಪದ್ಧತಿಯೇ ಹಾಗಿತ್ತು. ಮೊದಲ ದಿನ ವಾದ್ಯದವರು ನುಡಿಸಿ ಧ್ವನಿಮುದ್ರಣ ಮುಗಿಸಬೇಕು. ಮರುದಿನ ಅದೇ ಧ್ವನಿ ಮೊಳಗುತ್ತಿರಲು, ಅದಕ್ಕೆ ತಕ್ಕಂತೆ ಕೈಯಾಡಿಸುತ್ತ ಕ್ಯಾಮೆರಾದೆದುರು ಕೂರಬೇಕು. ಹೀಗೆ ಹುಟ್ಟಿದ ಪುಟ್ಟ ಜಾಝ್ ಚಿತ್ರಗಳು ಕಪ್ಪುಜನರ ಕೇರಿಯಾದ ಹಾರ್ಲೆಮ್ಮಿನ ಬಾರುಗಳಲ್ಲಿಟ್ಟ ಪೆಟ್ಟಿಗೆಗಳೊಳಗೆ, ಕಾಸು ಹಾಕಿದವರಿಗೆ ಕಾಣಿಸುತ್ತಿದ್ದವು.

ಮೂಕಿಚಿತ್ರಗಳ ಕಾಲದಲ್ಲಿ ಪರದೆಯ ಬುಡದ ಕತ್ತಲಲ್ಲಿ ಕುಳಿತು ಪಿಯಾನೋ ನುಡಿಸಿದವಳು ವರ್ಬೀನಾ ಹಾಕಡೇ. ಹಿಂದಿನ ದಿನ ತನ್ನ ಪಿಯಾನೋ ಧ್ವನಿಮುದ್ರಣ ಮುಗಿಸಿದ್ದಳು. ಈಗ ಸ್ವತಃ ಪರದೆಯ ಮೇಲೆ ಬರುವೆನೆಂದು ಚರ್ಚಿನ ಹೆಂಗಸರಿಗೆಲ್ಲ ಸಾರಿ, ಬಿಸಿ ಬಾಚಣಿಗೆಯಿಂದ ಗುಂಗುರುಗೂದಲನ್ನು ನೇರ ಮಾಡಿಸಿಕೊಂಡು ಬಂದಿದ್ದಳು. ಬಂದು ನೋಡಿದರೆ ಪಿಯಾನೋದ ಮುಂದಿನ ಪೀಠದಲ್ಲಿ ಗೋಧಿಬಣ್ಣದ ಹುಡುಗಿಯೊಬ್ಬಳು ಕುಳಿತಿದ್ದಳು.

"ಯಾರೋ ಇವಳು?"

"ಆರ್ಲೆಟ್ ಅಂತ, ಡ್ಯಾನ್ಸರ್," ಎಂದ ತಂಡದ ಯಜಮಾನ ರಾಸ್ಕೋ ಟೀಗ್, ಬೂಟು ನೋಡುತ್ತ. "ಕುಡಿಯೋಕೆ ಬಂದೋರಿಗೆ ಚೆಂದದ ಮುಖ ಬೇಕಂತೆ ಅಕ್ಕಾ."

"ನಿನ್ನ ಮುಖ ಇಟ್ಕೊಂಡಿದಾರಲ್ಲ, ಅದೇನು ಚೆಂದಕ್ಕೋ?"

ಡ್ರಮ್ಮಿನವನು ಕಿಸಕ್ಕೆಂದ. ಟೀಗನ ದವಡೆ ಬಿಗಿಯಿತು.

ಹುಡುಗಿಗೆ ಬೆರಳಾಡಿಸಲು ಬರಲಿಲ್ಲ. ಧ್ವನಿ ನಿಂತಾಗಲೂ ಅವಳ ಕೈ ಕುಣಿಯುತ್ತಿತ್ತು. ಬಿಳಿಯ ನಿರ್ದೇಶಕ ಪ್ರಿಂಗಲ್ ಬೇಸತ್ತು ಬಂದು, ವಯಸ್ಸಾದ ಕಪ್ಪು ಹೆಂಗಸರನ್ನು ಬಿಳಿಯರು ಹೆಸರಿಲ್ಲದೆ ಕರೆಯುವ ಧಾಟಿಯಲ್ಲೇ ಕರೆದ.

"ನೋಡು ಆಂಟಿ, ಮುಖ ಅವಳದ್ದೇ ಇರ್ಲಿ. ಕೈ ಮಾತ್ರ ನಿಂದು ತೋರಿಸ್ತೀವಿ. ಒಂಚೂರು ಪೌಡರ್ ಬಳಿದ್ರೆ ಬಣ್ಣ ಹೊಂದತ್ತೆ."

"ನಾನು ನಿಮ್ಮಮ್ಮನ ತಂಗಿ ಅಲ್ಲ. ಮಿಸೆಸ್ ಹಾಕಡೇ ಅನ್ನಿ. ಮುಖ ಬಿಟ್ಟು ನನ್ನ ಕೈ ಎಲ್ಲಿಗೂ ಹೋಗಲ್ಲ."

"ನಿನ್ನ ಧ್ವನಿ ಆಗ್ಲೇ ನಮ್ಮ ಹತ್ರ ಇದೆ."

"ಇದೆ. ಅದನ್ನ ಕಿತ್ಕೊಳ್ಳೋಕೆ ನಂಗಾಗಲ್ಲ. ಕೈ ಇನ್ನೂ ನನ್ನ ತೋಳಿಗೇ ಅಂಟಿದೆ."

ಟೀಗ್ ಅವಳ ಮೊಣಕೈ ಹಿಡಿದ. "ಹಠ ಮಾಡಿದ್ರೆ ಶನಿವಾರದ ಕಛೇರೀಲಿ ನುಡಿಸೋಕೂ ಬೇರೆಯವರನ್ನ ನೋಡ್ತೀನಿ ಅಷ್ಟೆ."

"ನೋಡು. ನಿಂಗೆ ಇಂಥ ಬೆರಳಾಡಿಸೋಕೆ ಬರದವಳೇ ಸಿಗ್ಲಿ," ಎಂದು ವರ್ಬೀನಾ ಕೈ ಕೊಡವಿಕೊಂಡು, ಕೈಗವಸು ತೊಟ್ಟು, ಅದರ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು.

ಆಳುಗಳು ಪಿಯಾನೋದ ಬೆನ್ನನ್ನು ಕ್ಯಾಮೆರಾದತ್ತ ತಿರುಗಿಸಿದರು. ಇನ್ನು ಕಾಣುವುದು ಹುಡುಗಿಯ ಹೆಗಲು, ನಗು ಮಾತ್ರ. ಧ್ವನಿ ಮೊಳಗಿತು. ನಿನ್ನೆ ವರ್ಬೀನಾ ಹಲ್ಲುಕಚ್ಚಿ ನುಡಿಸಿದ್ದ ಎಡಗೈಯ ಆ ಬಿರುಸಿಗೆ ಸರಿಯಾಗಿ ಆರ್ಲೆಟ್ ಕಣ್ಣು ಮಿಟುಕಿಸಿದಳು.

ವರ್ಬೀನಾ ಗೋಡೆ ಅದುರುವಂತೆ ಬಾಗಿಲನ್ನು ಬಡಿದು ಹೊರನಡೆದಳು. ಚಿತ್ರೀಕರಣ ನಿಲ್ಲಲಿಲ್ಲ. ಅಂದು ಅಲ್ಲಿ ಆ ಸದ್ದನ್ನು ಹಿಡಿಯುವ ಯಂತ್ರವೇ ಇರಲಿಲ್ಲ.